ಕುಸ್ತಿ ಹೆಚ್ಚೋ, ಕರಾಟೆ ಹೆಚ್ಚೋ

ಜನ್ಮದಲ್ಲಿ ಯಾರಿಗೂ ಒಂದು ಗುದ್ದು ಕೊಡದವರೇ ಹೊಡೆದಾಟದ ಬಗ್ಗೆ ಅತ್ಯಂತ ಖಚಿತವಾಗಿ ಮಾತನಾಡುತ್ತಾರೆ; ನೀವೂ ಗಮನಿಸಿರಬಹುದು. ಶಿಗ್ಗಾಂವಿಯ ನಮ್ಮ ಹೈಸ್ಕೂಲಿನ ಶಿಕ್ಷಕರ ಕೋಣೆಯಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚಿದೊಡನೆ, ಕುಸ್ತಿ ಹೆಚ್ಚೋ ಕರಾಟೆ ಹೆಚ್ಚೋ ಎಂಬ ವಾಗ್ವಾದಕ್ಕೆ ನಾಂದಿ ಹಾಡುತ್ತಿದ್ದವನು ನಾನೇ. ಈ ಕನ್ನಡ ಮಾಸ್ತರನ ಅರ್ಹತೆ ಇಷ್ಟೇ: ಬಾಲ್ಯದಲ್ಲಿ ಸವಣೂರಿನ ಗರಡಿಮನೆಯಲ್ಲಿ ಎರಡು ವರ್ಷ ಮಣ್ಣು ಮುಕ್ಕಿದ್ದೆ. ಮಲ್ಲಯುದ್ಧದಲ್ಲಿ ಸೋತವನು ಸೊಲ್ಲಿನ ಯುದ್ಧಕ್ಕೆ ಇಳಿಯುವುದು ಲೋಕರೂಢಿಯಲ್ಲವೇ!

ಮನೆಯಲ್ಲಿ ಮಾತ್ರ ನನ್ನ ಕುಸ್ತಿಪಕ್ಷಪಾತಕ್ಕೆ ಪ್ರಬಲ ಪ್ರತಿಪಕ್ಷವಿತ್ತು. ಮಗಳು ಶೋಭಾ ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದವಳು. ಸವಣೂರಿನಲ್ಲೇ, ಕಲ್ಲು ಹಾಸಿದ ಅಂಗಳವೊಂದರಲ್ಲಿ ಹನ್ನೊಂದು ಹುಡುಗಿಯರಿಗೆ ಕಲಿಸುತ್ತಿದ್ದಳು. ಒಂದು ದಿನ ಅವರಲ್ಲೊಬ್ಬಳು ಬಿದ್ದು ಮೊಣಕೈ ಮುರಿದುಕೊಂಡಳು. ಮೆತ್ತನೆಯ ಜಾಗ ಸಿಗುವವರೆಗೆ ಮಕ್ಕಳನ್ನು ಕಳಿಸುವುದಿಲ್ಲವೆಂದು ಉಳಿದವರ ತಾಯಂದಿರು ಹೇಳಿಬಿಟ್ಟರು.

"ಅಪ್ಪ, ನಿಮ್ಮ ಗರಡಿ ಮಣ್ಣು ಮೆತ್ತಗ ಇರತೈತಿ. ವಸ್ತಾದರನ್ನ ಕೇಳೂಣೇನು?" ಎಂದಳು ಶೋಭಾ.

ಆ ಗರಡಿಯೊಳಗೆ ಅದುವರೆಗೆ ಹೆಣ್ಣುಮಕ್ಕಳು ಕಾಲಿಟ್ಟಿರಲಿಲ್ಲ. ವಸ್ತಾದ, ಅಂದರೆ ಗರಡಿಯ ಗುರು ಇಮಾಮಸಾಬರಿಗೆ ಈಗ ಎಪ್ಪತ್ತರ ಹತ್ತಿರ. ಮೈ ತುಸು ಸಡಿಲಿದ್ದರೂ ದನಿ ಸಡಿಲಿಲ್ಲ. ಅವರೆದುರು ನಿಲ್ಲುವಾಗ ನಾನು ಈಗಲೂ ಹಳೆಯ ಪುಕ್ಕಲು ಶಿಷ್ಯನೇ. ಆದರೂ ಮಗಳ ಹಿಂದೆ ಹೋದೆ.

"ಬರ್ರಿ ಮಾಸ್ತರ," ಎಂದವರು, ಬಂದ ಕಾರಣ ಕೇಳಿ ನಕ್ಕರು. "ಗಾಳಿಗೆ ಒದ್ದು ಚೀರೂದೂ ಒಂದ ವಿದ್ಯಾ ಏನ್ರಿ? ಇಲ್ಲಿ ಮೈಗೆ ಮೈ ಹತ್ತಬೇಕು."

ಶೋಭಾಳ ಮುಖ ಕೆಂಪಾಯಿತು. "ಒಂದ ಸಲ ನೋಡ್ರಿ ವಸ್ತಾದ್ರ. ಆಮ್ಯಾಲ ಬ್ಯಾಡ ಅನ್ರಿ."

ಅವರು ಅವಳನ್ನು ದಿಟ್ಟಿಸಿದರು. "ನನ್ನ ಮೊಮ್ಮಗಳ ವಯಸ್ಸು ನಿಂದು. ಬಾ, ನಿನ್ನ ಮುಂದ ನಾನ ನಿಂದರತೇನಿ."

ತಾಲೀಮಿಗೆ ಬಂದಿದ್ದ ಪೈಲ್ವಾನರು ಸುತ್ತ ನಿಂತರು. ಶೋಭಾ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು ಒಳಗಿಳಿದಳು. ನಾನು ರೆಪ್ಪೆ ಮಿಟುಕಿಸುವುದರೊಳಗೆ ಅವಳ ಕಾಲು ಏರಿ, ಪಾದ ವಸ್ತಾದರ ಕೆನ್ನೆಯಿಂದ ಒಂದು ಬೆರಳಿನಷ್ಟು ದೂರದಲ್ಲಿ ನಿಂತಿತ್ತು. ಅವರ ಕೈ ಇನ್ನೂ ಎದ್ದಿರಲಿಲ್ಲ.

"ಇನ್ನೊಮ್ಮೆ," ಎಂದರು. ಈ ಸಲ ಅವರು ನಿಂತಲ್ಲೇ ನಿಲ್ಲದೆ ಮುಂದಕ್ಕೇ ನುಗ್ಗಿದರು. ಕಾಲು ಪೂರ್ತಿ ಏರುವ ಮೊದಲೇ ಅವಳ ಹಿಮ್ಮಡಿ ಅವರ ಬಗಲಲ್ಲಿತ್ತು, ಅವಳ ಬೆನ್ನು ಮಣ್ಣಿನ ಮೇಲಿತ್ತು. ಕೂಸನ್ನು ತೊಟ್ಟಿಲಿಗೆ ಹಾಕುವಷ್ಟು ಮೆಲ್ಲಗೆ ಕೆಡವಿದರು, ಕೆಡವಿದ್ದಂತೂ ನಿಜ.

"ದೂರ ಇದ್ರ ಆಕೀದು, ಹತ್ರ ಬಂದ್ರ ನಂದು," ಎಂದು ನೆರೆದವರಿಗೆ ತೀರ್ಪು ಕೊಟ್ಟರು. ನಮ್ಮ ಶಿಕ್ಷಕರ ಕೋಣೆಯಲ್ಲಿ ವರ್ಷಗಟ್ಟಲೆ ಬಗೆಹರಿಯದ ವ್ಯಾಜ್ಯ ಆರೇ ಪದಗಳಲ್ಲಿ ಇತ್ಯರ್ಥವಾಯಿತು!

ಶೋಭಾ ಎದ್ದು ಮೈ ಕೊಡವಿಕೊಂಡಾಗ ಅವರು ಕೇಳಿದರು: "ಅಲ್ಲವಾ, ಮದಲ್ನೇ ಒದಿಕಿ ಹತ್ತಿದ್ರ ನಾ ಏಳ್ತಿದ್ದಿಲ್ಲ. ಯಾಕ ತಡದಿ?"

"ಒದಿಯೂದನ್ನ ಒಂದು ವರ್ಷದಾಗ ಕಲ್ತೇನ್ರಿ. ಹಂಗ ತಡಿಯೂದನ್ನ ಕಲಿಯಾಕ ಎಂಟು ವರ್ಷ ಹಿಡೀತು."

ಇಮಾಮಸಾಬರು ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಅವಳ ಅಂಗೈಗೆ ಸುರಿದರು. ಕುಸ್ತಿಗೆ ನಿಂತ ಸಮಬಲರು ಹೀಗೆ ಮಣ್ಣು ಕೊಟ್ಟುಕೊಳ್ಳುವುದು ಆ ಗರಡಿಯ ಪದ್ಧತಿ. ಎರಡು ವರ್ಷದಲ್ಲಿ ನನಗೊಮ್ಮೆಯೂ ಆ ಭಾಗ್ಯ ಒದಗಿರಲಿಲ್ಲ.

"ನಾಡಿದ್ದಿಂದ ಹುಡುಗ್ಯಾರನ್ನ ಕರ್ಕೊಂಡ ಬಾ. ಮುಂಜಾನಿ ಹೊತ್ತು ನಿಮ್ದು," ಎಂದರು.

ಮೊದಲ ಮುಂಜಾನೆ ನಾನೂ ಹೋಗಿದ್ದೆ. ಕೈಗೆ ಪಟ್ಟಿ ಕಟ್ಟಿಕೊಂಡವಳು ಕಟ್ಟೆಯ ಮೇಲೆ ಕೂತಿದ್ದಳು. ಉಳಿದ ಹತ್ತು ಹುಡುಗಿಯರು ಸಾಲಾಗಿ ನಿಂತಿದ್ದರು. ಸಾಲಿನ ತುದಿಯಲ್ಲಿ ಧೋತರ ಎತ್ತಿ ಕಟ್ಟಿದ ಇಮಾಮಸಾಬರು! ಅವರ ಕಾಲು ಸೊಂಟದ ಮಟ್ಟಕ್ಕೂ ಏರುತ್ತಿರಲಿಲ್ಲ. ಶೋಭಾ ಅವರ ಹಿಮ್ಮಡಿಯ ಕೆಳಗೆ ತನ್ನ ಅಂಗೈ ಇಟ್ಟು, "ಇನ್ನೊಂದೀಟು ಮ್ಯಾಲ ವಸ್ತಾದ್ರ, ಬರತೈತಿ," ಎನ್ನುತ್ತಿದ್ದಳು. ಒಬ್ಬ ಹುಡುಗಿಯೂ ನಗಲಿಲ್ಲ.

ದಾರಿಯಲ್ಲಿ ಹೊರಟಿದ್ದ ಹೆಂಗಸೊಬ್ಬರು ಬಾಗಿಲಲ್ಲಿ ನನ್ನ ಪಕ್ಕ ನಿಂತು ಕೇಳಿದರು: "ವಸ್ತಾದರಿಗೇ ಕಲಿಸಾಕತ್ತಾಳಲ್ರಿ, ಯಾರ್ರಿ ಆಕಿ?"

"ನನ್ನ ಮಗಳ್ರಿ," ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.