ಡಿಲಿಸಳ ಪಾಲು

ನಮ್ಮ ವೇಲ್ಸಿನ ಕಣಿವೆಯಲ್ಲಿ ಒಂದೇ ಹೆಸರಿನವರು ಬೀದಿಗೆ ನಾಲ್ಕು ಜನ. ಅದಕ್ಕೇ ಕಸುಬು ಸೇರಿಸಿ ಕರೆಯುತ್ತೇವೆ. ನಿವೃತ್ತನಾಗಿ ಎಷ್ಟೋ ಕಾಲವಾದರೂ ಪಕ್ಕದ ಮನೆಯವನು ನಮಗೆ ಟಪಾಲು ಎಮ್ರಿಸನೇ. ಮಾತು ಕಮ್ಮಿ, ಹಟ ಜಾಸ್ತಿ. ಹೆಂಡತಿ ಡಿಲಿಸ್ ತೀರಿಕೊಂಡಾಗಲೂ ಜನರ ಮುಂದೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಅವಳು ಸಾಕಿದ ನಾಯಿ ಪೆರೊ ಒಂದೇ ಅವನಿಗೆ ಉಳಿದಿದ್ದು.

ಆ ಪೆರೊ ವರ್ಷದೊಳಗೆ ಊದಿ ಪೀಪಾಯಿಯಾಯಿತು. ಡಿಲಿಸಳ ಸಮಾಧಿಯಿರುವ ದಿಬ್ಬವನ್ನು ಅರ್ಧ ಹತ್ತುವಷ್ಟರಲ್ಲಿ ಏದುಸಿರು ಬಿಟ್ಟು ಕೂತುಬಿಡುತ್ತಿತ್ತು. ತೂಕ ಇಳಿಯದಿದ್ದರೆ ಇದರ ಹೃದಯ ತಡೆಯುವುದಿಲ್ಲ ಎಂದು ನಾಯಿ ಡಾಕ್ಟರು ಖಡಾಖಂಡಿತವಾಗಿ ಹೇಳಿ, ಊಟ ಅಳೆಯಲು ಒಂದು ಲೋಟ ಕೊಟ್ಟರು. ಎಮ್ರಿಸ್ ಅಳೆದೇ ಹಾಕಿದ. ಬೀದಿಯಲ್ಲಿ ಯಾರಾದರೂ ಬಿಸ್ಕತ್ತು ತೋರಿಸಿದರೆ ನುಂಗುವ ಹಾಗೆ ನೋಡುತ್ತಿದ್ದ. ಆದರೂ ತಿಂಗಳು ಬಿಟ್ಟು ತೂಗಿದರೆ ನಾಯಿ ಇನ್ನಷ್ಟು ಭಾರ. ಡಾಕ್ಟರು ಗದರಿದಾಗ, ಲೋಟದ ಮೇಲೆ ಒಂದು ಕಾಳೂ ಹಾಕಿಲ್ಲ ಎಂದು ಆಣೆ ಮಾಡಿದ. ಅವನು ಸುಳ್ಳಾಡುವ ಮನುಷ್ಯನಲ್ಲ. ನನಗೂ ತಲೆಬುಡ ಅರ್ಥವಾಗಲಿಲ್ಲ.

ಒಂದು ಭಾನುವಾರ ಪ್ರಾರ್ಥನೆ ಮುಗಿಸಿ, ಅವನ ಪಾತ್ರೆ ಹಿಂದಿರುಗಿಸಲು ಹೋದೆ. ಮೇಜಿನ ಮೇಲೆ ಎರಡು ತಟ್ಟೆ. ಎರಡರಲ್ಲೂ ಕುರಿಮಾಂಸದ ತುಂಡು, ಹುರಿದ ಆಲೂಗಡ್ಡೆ. ತನ್ನದು ಮುಗಿಸಿದವನು ಡಿಲಿಸಳ ಕುರ್ಚಿಯ ಮುಂದೆ ಆರಿಹೋಗಿದ್ದ ತಟ್ಟೆಯನ್ನೆತ್ತಿ ನೆಲಕ್ಕಿಟ್ಟ. ಆ ಕುರ್ಚಿಯ ಬುಡದಲ್ಲೇ ಕಾದಿದ್ದ ಪೆರೊ ಅದನ್ನು ನೆಕ್ಕಿ ತೊಳೆದಿಟ್ಟಿತು.

ನನಗೆ ಪಿತ್ತ ನೆತ್ತಿಗೇರಿತು. "ಇದೇನೋ ಮಾರಾಯ? ಡಾಕ್ಟರ ಹತ್ರ ಆಣೆ ಬೇರೆ ಮಾಡಿದ್ಯಲ್ಲ?"

"ಇದು ನಾಯಿ ಊಟ ಅಲ್ಲ, ಡಿಲಿಸ್ ಪಾಲು," ಅಂದ. "ಅವಳು ಯಾವತ್ತು ಪೂರ್ತಿ ತಿಂದಿದಾಳೆ ಹೇಳು? ಮಿಕ್ಕಿದ್ದು ಪೆರೊಗೆ. ಈಗ ಪೂರ್ತಿ ಮಿಗುತ್ತೆ, ಅಷ್ಟೆ."

ದಿನಾ ಹೀಗೇ ಅಂತೆ. ಮಾಂಸದಂಗಡಿಯ ಇದ್ವಾಲ್ ಮೊದಲಿನಂತೆ ಇವನು ಕೇಳದೆಯೇ ಎರಡೆರಡು ತುಂಡು ಕಟ್ಟಿಕೊಡುತ್ತಿದ್ದ. ಬೇಡ ಎನ್ನಲು ಇವನಿಗೆ ಬಾಯಿ ಬರಲಿಲ್ಲ, ಈಗಲೂ ಎರಡೇ ಬೇಕಾ ಎಂದು ಕೇಳಲು ಅವನಿಗೂ ಬರಲಿಲ್ಲ.

"ಅವಳು ಬಿಟ್ಟುಹೋದ ನಾಯೀನೂ ಮಣ್ಣು ಮಾಡ್ತೀಯೇನೋ?" ಅಂದುಬಿಟ್ಟೆ. ಅವನು ತಟ್ಟೆ ತೊಳೆಯುತ್ತಾ ನಿಂತ, ತಿರುಗಿ ನೋಡಲಿಲ್ಲ.

ಆ ಶನಿವಾರ ಅಂಗಡಿಯ ಸಾಲಿನಲ್ಲಿ ನಾನು ಅವನ ಹಿಂದೆಯೇ ಇದ್ದೆ. ಇದ್ವಾಲ್ ಎಂದಿನಂತೆ ಕಾಗದದ ಮೇಲೆ ಎರಡು ತುಂಡು ಹಾಕಿದ. ಎಮ್ರಿಸ್ ಟೋಪಿ ಕೈಗೆ ತೆಗೆದುಕೊಂಡ.

"ಇದ್ವಾಲ್, ಒಂದು ಸಾಕು."

ಇದ್ವಾಲ್ ತಲೆಯೆತ್ತದೆ ಒಂದನ್ನು ವಾಪಸ್ಸಿಟ್ಟ. ಹೆಂಡತಿಯನ್ನು ಮಣ್ಣಿಗಿಟ್ಟಾಗ ಅಳದ ಗಂಡಸು ಅಲ್ಲಿ ಎಲ್ಲರ ಮುಂದೆ ಬಿಕ್ಕಿಬಿಕ್ಕಿ ಅತ್ತ.

ವಸಂತ ಬರುವಷ್ಟರಲ್ಲಿ ಪೆರೊ ಮೈ ಇಳಿಸಿಕೊಂಡು, ಎಲ್ಲೂ ಕೂರದೆ ದಿಬ್ಬ ಹತ್ತತೊಡಗಿತು. ಡಾಕ್ಟರಿಗೆ ಬಲು ಖುಷಿ. ಗೆದ್ದೆಯಲ್ಲ ಎಂದು ನಾನೂ ಎಮ್ರಿಸನ ಬೆನ್ನು ತಟ್ಟಿದೆ.

ಅವನು ನಾಯಿಯ ತಲೆ ಸವರುತ್ತಾ ನಿಂತ. "ಮೊದ್ಲೆಲ್ಲ ಊಟದ ಹೊತ್ತಿಗೆ ಅವಳ ಕುರ್ಚಿ ಹತ್ರ ಹೋಗಿ ಕೂರ್ತಿತ್ತು. ಈಗ ಆ ಕಡೆ ತಿರುಗೂ ನೋಡಲ್ಲ ಕಣೆ," ಅಂದ. "ಅವಳನ್ನ ಕಾಯೋಕೆ ಇನ್ನು ನಾನೊಬ್ಬನೇ."