ಕುದುರೆಯನ್ನು ಮಲಗಿಸಲು ಹೇಳಿದ ಕಲ್ಮುರ್ಜಾ

ಕೊಚ್ಕೋರ್ ಪೇಟೆಯಲ್ಲಿ ಇಂಗ್ಲಿಷು ಎಂದರೆ ಕಲ್ಮುರ್ಜಾ ಅಗಾಯ್. ಊರಲ್ಲಿ ಎಲ್ಲ ಮೇಷ್ಟರುಗಳನ್ನೂ ಅಗಾಯ್ ಎಂದೇ ಕರೆಯುತ್ತಿದ್ದರು. ಇವನನ್ನು ಕರೆಯುವಾಗ ಮಾತ್ರ ದನಿ ಒಂದಿಷ್ಟು ತಗ್ಗುತ್ತಿತ್ತು. ಕುರಿ ಸಂತೆಗೂ ಟೈ ಕಟ್ಟಿಕೊಂಡು ಹೋಗುವ ಆಸಾಮಿ. ಟೈ ನೋಡಿ ಕುರಿ ಮಾರುವವರು ಬೆಲೆ ಏರಿಸಿದರೆ ಅದನ್ನೂ ಮರ್ಯಾದೆ ಎಂದೇ ತಿಳಿಯುತ್ತಿದ್ದ.

ಅವನ ಹೆಸರು ಮೆರೆದದ್ದು ಫ್ರೇಸಲ್ ವರ್ಬುಗಳಿಂದ. ಪುಟ್, ಗೆಟ್, ಗಿವ್ ಅಂಥ ಪುಟ್ಟ ಕ್ರಿಯಾಪದಗಳಿಗೆ ಅಪ್, ಡೌನ್, ಆಫ್ ಎಂಬ ಬಾಲ ಸೇರಿಕೊಂಡು ಅರ್ಥ ಎಲ್ಲಿಂದೆಲ್ಲಿಗೋ ಹಾರಿಬಿಡುತ್ತದಲ್ಲ, ಆ ಕಾಟಕ್ಕೆ ಮಕ್ಕಳು ಹೈರಾಣಾಗುತ್ತಿದ್ದಾಗ ಕಲ್ಮುರ್ಜಾ ಸುಲಭದ ದಾರಿ ಹುಡುಕಿದ್ದ.

"ಕೂಡಿಸಿ, ಅಷ್ಟೇ! ಪುಟ್ ಅಂದ್ರೆ ಇಡು, ಡೌನ್ ಅಂದ್ರೆ ಕೆಳಗೆ. ಪುಟ್ ಡೌನ್ ಅಂದ್ರೆ ಕೆಳಗಿಡು. ಇದಕ್ಯಾಕೆ ಮೂಗು ಸೊರಗುಟ್ಟಿಸ್ತೀರಿ?"

ಐಜಿರೆಕ್ ಎಂಬ ಹುಡುಗಿ ಎದ್ದು ನಿಂತಳು. "ಅಗಾಯ್, ಹಂಗಾದ್ರೆ ಗಿವ್ ಅಪ್ ಅಂದ್ರೆ ಮೇಲಕ್ಕೆ ಕೊಡು ಅಂತಲಾ? ಪುಸ್ತಕದಲ್ಲಿ ಕೈಬಿಡು ಅಂತಿದೆ."

"ಮೇಲಿನೋರಿಗೆ ಕೊಟ್ಟ ಮೇಲೆ ನಿನ್ನ ಕೈಯಲ್ಲೇನಾದ್ರೂ ಉಳಿಯುತ್ತಾ? ಕೈಬಿಟ್ಟ ಹಂಗೇ ಅಲ್ವಾ?"

ತರಗತಿ ತಲೆದೂಗಿತು. ಅಪ್ಪಂದಿರು ಸರ್ಕಾರಿ ಕಚೇರಿಗೆ ಅಲೆದು ಬಂದದ್ದನ್ನು ಕಂಡ ಮಕ್ಕಳಿಗೆ ಇದು ಸಲೀಸಾಗಿ ಅರ್ಥವಾಯಿತು.

ಇಷ್ಟಾದರೂ ಜೀವಂತ ಇಂಗ್ಲಿಷರೊಬ್ಬರ ಜೊತೆ ಅವನು ಒಂದು ಮಾತೂ ಆಡಿರಲಿಲ್ಲ. ಬೆಟ್ಟ ಹತ್ತಲು ಬಂದ ಪ್ರವಾಸಿಗರು ಎದುರಾದರೆ ರಸ್ತೆ ದಾಟಿ ಆ ಬದಿಗೆ ಹೋಗಿಬಿಡುತ್ತಿದ್ದ. "ಅವರ ಉಚ್ಚಾರ ಶುದ್ಧ ಇಲ್ಲ ಕಣೆ, ಕೇಳಿದ್ರೆ ನನ್ನದೂ ಕೆಡುತ್ತೆ" ಎಂದು ಹೆಂಡತಿ ಬುರ್ಮಾಕಾನಳಿಗೆ ಹೇಳುತ್ತಿದ್ದ.

ಒಂದು ಬೇಸಿಗೆಯಲ್ಲಿ ಹಿಟ್ಟಿನ ಗಿರಣಿಯ ಎಸೆನ್‌ಕುಲನ ಬೂದು ಕುದುರೆ ಪಂದ್ಯದಲ್ಲಿ ಮುಗ್ಗರಿಸಿ ಮುಂಗಾಲು ಊದಿಸಿಕೊಂಡಿತು. ಊರಿನ ಪಶುವೈದ್ಯ ನೆಂಟರ ಮದುವೆಗೆಂದು ಆಚೆ ಕಣಿವೆಗೆ ಹೋಗಿದ್ದ. ಅತಿಥಿಗೃಹದಲ್ಲಿ ಇಳಿದಿದ್ದ ಫಿಲಿಪ್ಪಾ ಎಂಬ ಇಂಗ್ಲಿಷ್ ಹೆಂಗಸು ಪ್ರಾಣಿವೈದ್ಯೆಯಂತೆ ಎಂದು ಸುದ್ದಿ ಬಂದದ್ದೇ ತಡ, ಎಸೆನ್‌ಕುಲ ಅವಳನ್ನೂ ಕರೆತಂದ, ಕಲ್ಮುರ್ಜಾನನ್ನೂ ಎಳೆತಂದ. ರಸ್ತೆ ದಾಟಲು ಈ ಸಲ ಎಡೆಯಿರಲಿಲ್ಲ. ಅರ್ಧ ಊರು ಅಂಗಳದಲ್ಲಿ ನೆರೆದಿತ್ತು, ಬುರ್ಮಾಕಾನ್ ಕೂಡ ಅದರಲ್ಲಿದ್ದಳು.

ಫಿಲಿಪ್ಪಾ ಕಾಲನ್ನು ಒತ್ತಿ ನೋಡಿ ನಕ್ಕಳು. "ಹೀ ವಿಲ್ ಪುಲ್ ಥ್ರೂ" ಎಂದಳು. ಗುಣವಾಗುತ್ತದೆ, ಹೆದರಬೇಡಿ ಎಂದು ಅವಳ ಮಾತಿನ ಅರ್ಥ. ಕಲ್ಮುರ್ಜಾ ಮನಸ್ಸಿನಲ್ಲೇ ಕೂಡಿಸಿದ. ಪುಲ್ ಎಂದರೆ ಎಳೆ.

"ಇನ್ಮೇಲೆ ಇದು ಗಾಡಿ ಎಳೆಯೋಕಾಗುತ್ತೆ ಅಂತಾಳೆ."

"ಗಾಡಿನಾ? ನನ್ನ ಕುದುರೆನಾ?" ಎಸೆನ್‌ಕುಲನ ಮುಖ ಕೆಂಪೇರಿತು. ಅತಿಥಿಯಲ್ಲವೇ ಎಂದು ಸಿಟ್ಟು ನುಂಗಿಕೊಂಡ. "ನಿಂತ ಕುದುರೇನ ನೋಡಿದ್ರೆ ಏನು ತಿಳಿಯುತ್ತೆ? ಮಲಗಿಸಿ ಸರಿಯಾಗಿ ನೋಡು ಅನ್ನು."

ಕಲ್ಮುರ್ಜಾ ಟೈ ಸರಿಮಾಡಿಕೊಂಡ. "ಪ್ಲೀಸ್, ಪುಟ್ ಹಿಮ್ ಡೌನ್."

ಅವಳ ನಗು ಆರಿಹೋಯಿತು. ಪ್ರಾಣಿವೈದ್ಯರ ಹತ್ತಿರ ಈ ಮಾತು ಹೇಳಿದರೆ ಸೂಜಿ ಚುಚ್ಚಿ ಪ್ರಾಣ ತೆಗೆಯಿರಿ ಎಂದು ಅರ್ಥ.

"ಬರೀ ಊತ ಇದು! ನಿಜವಾಗಿ ಹೇಳ್ತಿದೀರಾ?" ಎಂದು ಅವಳು ತನ್ನ ಭಾಷೆಯಲ್ಲಿ ಕೇಳಿದಳು.

"ನಿಜ, ನಿಜ. ಈಗಲೇ. ಎಲ್ಲರೂ ನೋಡಲಿ."

"ನನ್ನ ಕೈಲಿ ಆಗಲ್ಲ."

ಪಾಪ, ಹೆಂಗಸು, ಶಕ್ತಿ ಸಾಲದು ಎಂದುಕೊಂಡ ಕಲ್ಮುರ್ಜಾ. "ಯೋಚನೆ ಮಾಡಬೇಡಿ, ನಮ್ಮವರು ಕಾಲು ಹಿಡೀತಾರೆ" ಎಂದು ಧೈರ್ಯ ತುಂಬಿದ. ಅವನು ಸನ್ನೆ ಮಾಡಿದ್ದೇ, ಇನ್ನಾದರೂ ಸರಿಯಾಗಿ ನೋಡುತ್ತಾಳೆಂಬ ಖುಷಿಗೆ ಎಸೆನ್‌ಕುಲ ತೋಳೇರಿಸಿ, ನಗುತ್ತಾ ಮುಂದೆ ಬಂದ. ಆ ನಗು ಕಂಡು ಫಿಲಿಪ್ಪಾಳ ಕಣ್ಣು ತುಂಬಿತು. ಕುದುರೆಯ ಕುತ್ತಿಗೆ ತಬ್ಬಿ ಹಿಡಿದು, ಕಿವುಡನಿಗೆ ಹೇಳುವಂತೆ ಒಂದೊಂದೇ ಪದ ಬಿಡಿಸಿ ಕೂಗಿದಳು: "ನಾನು ಇದನ್ನ ಕೊಲ್ಲಬೇಕಾ?"

ಕಿಲ್ ಎಂಬ ಪದಕ್ಕೆ ಬಾಲವಿರಲಿಲ್ಲ. ಕಲ್ಮುರ್ಜಾನಿಗೆ ತಟ್ಟನೆ ತಿಳಿಯಿತು. ನಾನು ತಪ್ಪು ಹೇಳಿದೆ ಎನ್ನಲು ಎರಡು ಭಾಷೆಯಲ್ಲೂ ಪದಗಳು ಅವನಿಗೆ ಗೊತ್ತಿದ್ದವು. ಸುತ್ತ ನೋಡಿದ. ಅಲ್ಲಿದ್ದವರಲ್ಲಿ ಹೆಚ್ಚಿನವರು ಅವನ ಶಿಷ್ಯರ ಅಪ್ಪಂದಿರು.

ಫಿಲಿಪ್ಪಾಳ ಕಿವಿಯ ಹತ್ತಿರ ಬಗ್ಗಿದ. "ಯಜಮಾನ ಮುಂಗೋಪಿ. ಕೊಲ್ಲೋದು ಬೇಡ ಅಂತ ನಾನು ಒಪ್ಪಿಸ್ತೀನಿ, ನೀವು ಹೋಗಿ." ಆಮೇಲೆ ಎಸೆನ್‌ಕುಲನ ಕಡೆ ತಿರುಗಿ ಎದೆಯುಬ್ಬಿಸಿದ. "ಇವಳು ಕುದುರೇನ ಕೊಲ್ಲೋಕೆ ಹೊರಟಿದ್ಲು! ನಾನು ಬಿಡ್ತೀನಾ?"

"ಕೊಲ್ಲೋದಾ!" ಎಸೆನ್‌ಕುಲ ಚಾವಟಿಗೆ ಕೈಹಾಕಿದ. ಚಾವಟಿ ಕಂಡ ಫಿಲಿಪ್ಪಾ ಇವನು ಕಟುಕನೇ ಸೈ ಎಂದುಕೊಂಡು ಗೇಟು ದಾಟಿದಳು. ಮರುದಿನ ಊರನ್ನೇ ಬಿಟ್ಟಳು.

ಮದುವೆಯೂಟ ಮುಗಿಸಿ ಬಂದ ಪಶುವೈದ್ಯ ತಣ್ಣೀರು ಬಟ್ಟೆ ಸುತ್ತಿದ, ಊತ ಇಳಿಯಿತು. ಎಸೆನ್‌ಕುಲ ಕುರಿ ಕಡಿಸಿ ಊರಿಗೆ ಊಟ ಹಾಕಿದ. ಕಲ್ಮುರ್ಜಾನನ್ನು ಹಿರಿಯರ ಜಾಗದಲ್ಲಿ ಕೂರಿಸಿ ಮಖಮಲ್ಲಿನ ನಿಲುವಂಗಿ ಹೊದಿಸಿದ. ಅಮಲೇರಿಸುವ ಹುಳಿ ಕುದುರೆಹಾಲಿನ ಬಟ್ಟಲು ಸುತ್ತು ಬಂದಂತೆಲ್ಲ ಕಥೆಯೂ ಕೊಬ್ಬಿತು. ಯಾರೂ ಕಾಣದ ಸೂಜಿಯೊಂದು ಅದರಲ್ಲಿ ಹುಟ್ಟಿ, ಊಟ ಮುಗಿಯುವ ಹೊತ್ತಿಗೆ ಮೊಳದುದ್ದ ಬೆಳೆದಿತ್ತು.

ಮನೆಗೆ ಬರುವಾಗ ಬುರ್ಮಾಕಾನ್ ಕೇಳಿದಳು. "ಏನ್ರೀ, ಆ ಹೆಂಗಸು ಕುದುರೆ ಕುತ್ತಿಗೆ ತಬ್ಕೊಂಡು ಅಳ್ತಿದ್ಲು. ಕೊಲ್ಲೋಕೆ ಬಂದೋರು ಹಂಗೆ ತಬ್ಕೋತಾರಾ?"

"ಅದು ಅವರ ದೇಶದ ಪದ್ಧತಿ ಕಣೆ."

ಅವಳು ಹೆಜ್ಜೆ ಬಿರುಸು ಮಾಡಿ ಮುಂದೆ ನಡೆದಳು.

ಕಲ್ಮುರ್ಜಾನ ಕೀರ್ತಿ ಜಿಲ್ಲೆಗೂ ಮುಟ್ಟಿತು. ಬೇರೆ ಊರುಗಳ ಮೇಷ್ಟರುಗಳಿಗೆ ಇಂಗ್ಲಿಷ್ ತರಬೇತಿ ಕೊಡುವ ಕೆಲಸವೂ ಸಿಕ್ಕಿತು. ಒಂದೇ ತಾಪತ್ರಯ: ಈಗ ಯಾವ ಪರದೇಶಿ ಬಸ್ಸಿಳಿದರೂ ಜನ ಇವನ ಬಾಗಿಲು ಬಡಿಯುತ್ತಾರೆ. ಹಾಗಾಗಿ ಬೇಸಿಗೆ ಬಂತೆಂದರೆ ಅವನಿಗೆ ಹಲ್ಲುನೋವು. ಗಲ್ಲಕ್ಕೆ ಉಣ್ಣೆಯ ಶಾಲು ಸುತ್ತಿಕೊಂಡು, ಬಾಯಿ ತೆರೆಯಲಾರೆ ಎಂದು ಸನ್ನೆ ಮಾಡುತ್ತಾ ಕೂತಿರುತ್ತಾನೆ.

ಬುರ್ಮಾಕಾನ್ ಆ ನೋವನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದಾಳೆ. ಮನೆಮಂದಿಯ ಮುಂದೆ ಹಬೆಯಾಡುವ ಮಾಂಸದ ತಟ್ಟೆ ಇಟ್ಟು, ಗಂಡನ ಮುಂದೆ ತೆಳ್ಳನೆಯ ಸಾರಿನ ಬಟ್ಟಲು ಇಡುತ್ತಾಳೆ. "ಹಲ್ಲುನೋವು ಅಲ್ವಾ, ಅಗಿಯೋದು ಬೇಡ, ಕುಡೀರಿ" ಎನ್ನುತ್ತಾಳೆ. ಅವನು ಕುಡಿಯುತ್ತಾನೆ.