ಮಾಣಿಕಪ್ಪನ ಕ್ಯಾಮೆರಾದಲ್ಲಿ ಅಲುಗದವರು

ಮಾಣಿಕಪ್ಪ ಕಾಂತಾಬಾಯಿಯನ್ನು ಮೊದಲು ಕಂಡದ್ದು ಆಕೆಯ ತಂದೆ ತೀರಿಕೊಂಡ ದಿನ. ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲಿನ ಐದನೇ ಚಳಿಗಾಲ ಅದು. ದೇವಣಿ ಹತ್ತಿರದ ಹಳ್ಳಿಯಿಂದ ಆಳೊಬ್ಬ ಬಂದು, "ಬಸವಣ್ಣೆಪ್ಪ ಗೌಡ್ರು ಹೋಗ್ಯಾರ್ರಿ. ಮಣ್ಣಿಗಿ ಒಯ್ಯೂಕಿಂತ ಮೊದಲ ಫೋಟೋ ಆಗಬೇಕಂತ" ಎಂದಾಗ, ಉದಗೀರದಲ್ಲಿ ಫೋಟೋ ಅಂಗಡಿ ಇಟ್ಟಿದ್ದ ಮಾಣಿಕಪ್ಪ ಸೈಕಲ್ಲಿಗೆ ಕ್ಯಾಮೆರಾ ಬಿಗಿದು ಹೊರಟ. ಮುಟ್ಟುವ ಹೊತ್ತಿಗೆ ಬಿಸಿಲು ಅಂಗಳಕ್ಕೆ ಇಳಿದಿತ್ತು. ದೇಹವನ್ನು ಪದ್ಧತಿಯಂತೆ ಕಟ್ಟೆಯ ಮೇಲೆ ಹಲಗೆಗೆ ಒರಗಿಸಿ ಕೂರಿಸಿದ್ದರು. ಗುಲಾಬಿ ರುಮಾಲು, ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಭಜನೆಯವರು ತಾಳ ಹಿಡಿದ ಕೈಗಳನ್ನು ತೊಡೆಯ ಮೇಲಿಟ್ಟು ಹಾಡು ನಿಲ್ಲಿಸಿದರು.

ಮನೆಯವರೆಲ್ಲ ಕಟ್ಟೆಯ ಹಿಂದೆ ಬಂದು ನಿಂತರು. ದನದ ಕೊಟ್ಟಿಗೆಯ ಕಂಬದ ಬಳಿ ಮಾತ್ರ ಒಬ್ಬಳು ಉಳಿದಳು. ಬರಿಗೈ, ಬಣ್ಣ ಹೋದ ಸೀರೆ. ಗಂಡ ಸತ್ತು ತವರಿಗೆ ಬಂದ ಮಗಳು ಎಂದು ನೋಡಿದರೇ ತಿಳಿಯುತ್ತಿತ್ತು. ಅಣ್ಣ ಜಗದೇವಪ್ಪ, "ನೀ ಯಾಕ, ಅಲ್ಲೇ ಇರು" ಎಂದ. ಮುದುಕಿ ತಾಯಿ, "ಆಕಿಗಿ ಅಪ್ಪ ಅಲ್ಲೇನು? ಬಾರವ್ವ ಕಾಂತಾ" ಎಂದು ಕರೆದಳು. ಆಕೆ ಬಂದು ಸಾಲಿನ ತುದಿಯಲ್ಲಿ ನಿಂತಳು.

"ಉಸಿರು ಹಿಡೀರಿ. ಅಳ್ಳಾಡಬ್ಯಾಡ್ರಿ" ಎಂದ ಮಾಣಿಕಪ್ಪ.

ಹಾಗೆ ಹೇಳಲು ಕಾರಣವಿತ್ತು. ಊರು ಬಿಟ್ಟು ಹೈದರಾಬಾದಿಗೆ ಹೊರಟಿದ್ದ ನಿಜಾಮನ ಕಚೇರಿಯ ಒಬ್ಬ ಪೇಷ್ಕಾರರಿಂದ ಕೊಂಡ ಜರ್ಮನಿಯ ಹಳೆಯ ಕ್ಯಾಮೆರಾ ಅದು. ಮುಚ್ಚಳ ತೆರೆದರೆ ಚರ್ಮದ ಮಡಿಕೆಗಳು ಹಾರ್ಮೋನಿಯಂ ತಿದಿಯಂತೆ ಹಿಗ್ಗಿ ಮುಂದೆ ಬರುತ್ತಿದ್ದವು. ಒಂದು ಸುರುಳಿಗೆ ಎಂಟೇ ಚಿತ್ರ, ಆದರೆ ಒಂದೊಂದೂ ಅಂಗೈ ಅಗಲ. ಒಳಗಿನ ಎಣ್ಣೆ ಗಟ್ಟಿಯಾಗಿ, ಚಕ್ಕನೆ ಮುಚ್ಚಬೇಕಾದ ಷಟರ್ ಒಂದು ಉಸಿರಿನಷ್ಟು ಹೊತ್ತು ತೆರೆದೇ ಇರುತ್ತಿತ್ತು. ಬೆಳಕಿನ ಕಿಂಡಿಯನ್ನು ಕಿರಿದು ಮಾಡಿ ಮಾಣಿಕಪ್ಪ ಸರಿದೂಗಿಸುತ್ತಿದ್ದ. ಆದರೆ ಅಷ್ಟರಲ್ಲಿ ಅಲುಗಿದವರು ಮಸುಕಾಗುತ್ತಿದ್ದರು. ಬದುಕಿರುವವರು ಎಷ್ಟು ಬಿಗಿಹಿಡಿದು ನಿಂತರೂ ಸ್ವಲ್ಪ ತೂಗುತ್ತಾರೆ. ಸತ್ತವರು ಮಾತ್ರ ರೆಪ್ಪೆಯ ಕೂದಲು ಎಣಿಸುವಷ್ಟು ಸ್ಪಷ್ಟವಾಗಿ ಮೂಡುತ್ತಿದ್ದರು.

ಎರಡು ಸಲ ಮಾತ್ರ, ಬದುಕಿದ್ದವರೂ ಹಾಗೆ ಸ್ಪಷ್ಟವಾಗಿ ಮೂಡಿದ್ದರು. ಲೋಹಾರಾದ ಅಂಬಣ್ಣ ಹದಿನೈದು ದಿನಕ್ಕೆ ತೀರಿಕೊಂಡ. ನಿಲಂಗಾದ ಮೀರಾಬಾಯಿ ಮದುವೆಯಾದ ವರ್ಷ ನಾಗರಪಂಚಮಿಯನ್ನು ಕಾಣಲಿಲ್ಲ. ಮಾಣಿಕಪ್ಪ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಬಸವಣ್ಣೆಪ್ಪನ ಚಿತ್ರ ತೊಳೆದು ಬೆಳಕಿಗೆ ಹಿಡಿದ. ಕಟ್ಟೆಯ ಹಿಂದೆ ಐದು ಜನ ಹೊಗೆಯಂತೆ ಕರಗಿದ್ದರು. ಮುಂದೆ ಬಸವಣ್ಣೆಪ್ಪ, ಸಾಲಿನ ತುದಿಯಲ್ಲಿ ಕಾಂತಾಬಾಯಿ: ಇಬ್ಬರೇ ಸ್ಪಷ್ಟ.

ಫೋಟೋ ಕೊಡಲು ಹೋದಾಗ ಜಗದೇವಪ್ಪ ಸಿಡಿದ. "ಏನ್ರಿ ಇದು? ಸತ್ತಾಂವ ಜೀವಂತ ಕಾಣ್ತಾನ, ನಾವೆಲ್ಲಾ ಪಿಶಾಚಿ ಆಗೀವಿ! ಮೊದಲ ಮಷೀನ ದುರುಸ್ತಿ ಮಾಡಸ್ರಿ. ಇಲ್ಲಾಂದ್ರ ಸ್ಮಶಾನದಾಗ ಅಂಗಡಿ ಹಾಕ್ರಿ."

ಅವನು ಒಳಗೆ ಹೋದ ಮೇಲೆ ಕಾಂತಾಬಾಯಿ ನೀರು ತಂದಿಟ್ಟು ಚಿತ್ರ ನೋಡಿದಳು. "ಅಪ್ಪನೂ ನಾನೂ ಇಬ್ಬರೇ ಇದ್ದೀವಲ್ರಿ... ನೀವ್ಯಾಕ ನನ್ನ ಮಾರಿ ನೋಡವಲ್ರಿ?"

ಹೇಳಬಾರದೆಂದುಕೊಂಡೇ ಮಾಣಿಕಪ್ಪ ಅಂಬಣ್ಣನ, ಮೀರಾಬಾಯಿಯ ಸಂಗತಿ ಹೇಳಿಬಿಟ್ಟ. ಆಕೆ ಹೆದರಲಿಲ್ಲ. "ಗಂಡ ಹೋದ ಮ್ಯಾಲ ಅತ್ತಿಮನ್ಯಾಗ ಯಾರರೆ ಬಂದ್ರ ಮೂಲ್ಯಾಗ ನಿಲ್ಲು, ಅಳ್ಳಾಡಬ್ಯಾಡ ಅಂತಿದ್ರು. ಮೂರು ವರ್ಷ ನಿಂತೀನ್ರಿ. ಉಸಿರು ತಗೊಂಡಿದ್ದೂ ಕಾಣಸಂಗಿಲ್ಲ ನಂದು." ಚಿತ್ರದಲ್ಲಿ ತನ್ನ ಮೇಲೆ ಬೆರಳಿಟ್ಟು ಕೇಳಿದಳು: "ಹಂಗ ನಿಂತು ರೂಢಿ ಅಂತ ಹಿಂಗ ಬಂದೀನೋ, ಹೋಗುವಾಕಿ ಅಂತೋ? ಮಷೀನಿಗಿ ಗೊತ್ತಾಗ್ತದೇನ್ರಿ?"

ಮಾಣಿಕಪ್ಪ ಚಿತ್ರವನ್ನು ಬೋರಲು ಹಾಕಿದ. ಬಾಗಿಲ ಸಂದಿಯಲ್ಲಿ ಜಗದೇವಪ್ಪ ನಿಂತಿದ್ದನ್ನು ಇಬ್ಬರೂ ನೋಡಲಿಲ್ಲ.

ಮರುವಾರ ಮಾಣಿಕಪ್ಪ ಸೋಲಾಪುರದಲ್ಲಿ ಕ್ಯಾಮೆರಾ ರಿಪೇರಿ ಮಾಡುವ ದಿಗಂಬರನ ಬಳಿ ಹೋದ. ದಿಗಂಬರ ಷಟರ್ ಒತ್ತಿ, ಕಿವಿಗೆ ಹಿಡಿದು ನಕ್ಕ. "ನಿದ್ದಿ ಮಾಡ್ಲಿಕತ್ತದ. ಬಿಚ್ಚಿ ತೊಳದು ಎಣ್ಣಿ ಬಿಡ್ತೀನಿ. ಖರೆ ಹೇಳ್ತೀನಿ ಮಾಣಿಕರಾವ್, ಒಮ್ಮಿ ಬಿಚ್ಚಿದ್ರ ಮತ್ತ ಹಿಂದಿನಂಗ ಆಗಂಗಿಲ್ಲ. ಇಷ್ಟು ಹಳೀದಕ್ಕ ಯಾಕ ಖಟಪಟ? ಹೊಸಾ ಡಬ್ಬಿ ಕ್ಯಾಮೆರಾ ತಗೋರಿ."

ಹಿಂದಿನಂತೆ ಆಗುವುದಿಲ್ಲ ಎಂಬ ಮಾತು ಮಾಣಿಕಪ್ಪನನ್ನು ಹಿಡಿದುಕೊಂಡಿತು. ಸರಿಯಾದರೆ ಮದುವೆ ಮನೆಯವರೂ ಕರೆಯುತ್ತಾರೆ. ಆದರೆ ಕಾಂತಾಬಾಯಿ ಉಳಿಯುತ್ತಾಳೋ ಇಲ್ಲವೋ ಎಂದು ಇನ್ನೊಮ್ಮೆ ತೆಗೆದು ತಿಳಿಯುವ ದಾರಿ ಮುಚ್ಚಿಹೋಗುತ್ತದೆ. ಕ್ಯಾಮೆರಾ ಹಾಗೇ ಎತ್ತಿಕೊಂಡು ಬಸ್ಸು ಹತ್ತಿದ. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಏನಾದರೊಂದು ನೆವ ಮಾಡಿ ಆ ಹಳ್ಳಿಗೆ ಹೋಗುತ್ತಿದ್ದ. ಹೆಂಡತಿ ಸತ್ತು ಒಂಟಿಯಾಗಿದ್ದವನು. ಕಾಂತಾಬಾಯಿ ಬಾಗಿಲಲ್ಲಿ ಕಂಡರೆ ಸಾಕು, ತಿರುಗಿ ಬರುತ್ತಿದ್ದ. ಇನ್ನೊಂದು ಫೋಟೋ ತೆಗೆಯುವ ಧೈರ್ಯ ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಸಾಯುವವರನ್ನು ಗುರುತಿಸುವ ಕ್ಯಾಮೆರಾದ ಸುದ್ದಿ ಜಗದೇವಪ್ಪನ ಬಾಯಿಂದ ಹಬ್ಬಿತ್ತು. ಒಂದು ಮಧ್ಯಾಹ್ನ ಉಮರ್ಗಾ ಕಡೆಯಿಂದ ಕುರಿಗಾರ ಧೂಳಪ್ಪ, ಹೆಂಡತಿ ಮಾಳವ್ವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಅಂಗಡಿಗೆ ಬಂದ. ಆಕೆ ಎಲುಬಿನ ಗೂಡಾಗಿದ್ದಳು.

"ತಸ್ವೀರ ಬ್ಯಾಡರೀ ಯಪ್ಪಾ. ಅಳ್ಳಾಡ್ತಾಳೋ ಇಲ್ಲೋ, ಅಷ್ಟ ನೋಡಿ ಹೇಳ್ರಿ."

"ಇದು ಡಾಕ್ಟರ ಮಷೀನಲ್ಲೋ ಧೂಳಪ್ಪ."

"ಡಾಕ್ಟರು ಕೈಬಿಟ್ಟಾರ್ರಿ. ಅದಕ್ಕ ನಿಮ್ಮ ಹಂತ್ಯಾಕ ಬಂದೀನಿ."

ಮಾಳವ್ವ ಗೋಡೆಗೆ ಒರಗಿ ಕುಳಿತು ಸೆರಗು ಸರಿಮಾಡಿಕೊಂಡಳು. "ಛಂದಂಗ ತಗೀರಿ. ಹ್ವಾದ ಸಲ ಬಿರಪ್ಪನ ಗುಡಿ ಮುಂದ ಯಾರೋ ತಗದಿದ್ರು, ಕುರಿ ಬಂದಿತ್ತು, ನಾ ಬಂದಿರಲಿಲ್ಲ" ಎಂದು ನಕ್ಕಳು. ಮಾಣಿಕಪ್ಪ ಗುಂಡಿ ಒತ್ತಿದ. ಮರುದಿನ ತೊಳೆದು ನೋಡಿದರೆ ಆ ನಗುವಿನ ಒಂದೊಂದು ಹಲ್ಲೂ ಸ್ಪಷ್ಟವಾಗಿತ್ತು. ಹೊರಗೆ ಬಂದು, ಅಂಗಡಿ ಮುಂದೆಯೇ ರಾತ್ರಿ ಕಳೆದಿದ್ದ ಧೂಳಪ್ಪನಿಗೆ, "ಅಳ್ಳಾಡ್ಯಾಳ. ಪೂರಾ ಮಸುಕು. ಕರಕೊಂಡು ಹೋಗು" ಎಂದು ಸುಳ್ಳು ಹೇಳಿದ. ಧೂಳಪ್ಪ ಅವನ ಕಾಲು ಹಿಡಿದ.

ಹತ್ತು ದಿನ ಕಳೆದು ಧೂಳಪ್ಪ ಒಬ್ಬನೇ ಬಂದ. "ಹೋದಳ್ರಿ" ಎಂದು ಹೊಸ್ತಿಲಲ್ಲಿ ಕುಳಿತ. "ನೀವು ಸುಳ್ಳು ಹೇಳಿದ್ರಿ. ಛಲೋ ಮಾಡಿದ್ರಿ. ಹತ್ತ ದಿನ ಉಂಡಳು, ಕುರಿ ಹೆಸರು ಹಿಡಿದು ಬೈದಳು. ಗೊತ್ತಿದ್ರ ನಾ ಆಕಿ ಮುಂದ ಕುಂತು ಅಳ್ತಿದ್ದೆ."

ಅವನ ಹಿಂದೆ ಬೀದಿಯಲ್ಲಿ ಇನ್ನೂ ಎರಡು ಗಾಡಿ ನಿಂತಿದ್ದವು. ಎರಡರಲ್ಲೂ ಯಾರೋ ಕಂಬಳಿ ಹೊದ್ದು ಮಲಗಿದ್ದರು. ಮಾಣಿಕಪ್ಪ ಅಂಗಡಿಯ ಮುಂಬಾಗಿಲು ಮುಚ್ಚಿ, ಹಿತ್ತಿಲ ಬಾಗಿಲಿಂದ ಸೋಲಾಪುರದ ಬಸ್ಸಿಗೆ ನಡೆದ. "ಬಿಚ್ಚಿ ತೊಳೀರಿ" ಎಂದು ಕ್ಯಾಮೆರಾವನ್ನು ದಿಗಂಬರನ ಮುಂದಿಟ್ಟ. ಎದುರಿಗೇ ಕೂತು, ಗಟ್ಟಿಯಾದ ಎಣ್ಣೆ ಹತ್ತಿಗೆ ಕಪ್ಪಗೆ ಅಂಟುವುದನ್ನು ನೋಡಿದ. ಸಂಜೆ ಷಟರ್ ಒತ್ತಿದಾಗ ಅದು ಕಣ್ಣು ಮಿಟುಕಿಸಿದಂತೆ ಮುಚ್ಚಿತು.

ಮರುದಿನ ಅಲ್ಲಿಂದ ನೇರವಾಗಿ ಹಳ್ಳಿಗೆ ಹೋದ. ಕಾಂತಾಬಾಯಿ ರಾಶಿಯ ಜೋಳ ಹಸನು ಮಾಡುತ್ತಿದ್ದಳು. "ಇನ್ನ ಇದಕ್ಕ ಏನೂ ಗೊತ್ತಾಗಂಗಿಲ್ಲ. ನನಗೂ ಗೊತ್ತಾಗಂಗಿಲ್ಲ. ನಾಕು ದಿನ ಇರ್ತೀಯೋ ನಲವತ್ತು ವರ್ಷ ಇರ್ತೀಯೋ, ನನ್ನ ಮನಿಗಿ ಬರ್ತೀಯೇನು?" ಎಂದ. ಆಕೆ ಮೊರ ಕೆಳಗಿಟ್ಟು ಹೂಂ ಎಂದು ತಲೆಯಾಡಿಸಿದಳು. ಜಗದೇವಪ್ಪ ಹಾರಾಡಿದ. ತಾಯಿ ಒಪ್ಪಿದಳು. ಹಿರಿಯರು ಕೂತು ಉಡಿಕೆಯ ಮರುಮದುವೆ ಮಾಡಿಕೊಟ್ಟರು.

ದುರುಸ್ತಿಯಾದ ಕ್ಯಾಮೆರಾದಲ್ಲಿ ಹುಡುಗನೊಬ್ಬನ ಕೈಲಿ ತೆಗೆಸಿದ ಮೊದಲ ಫೋಟೋ ಅವರ ಉಡಿಕೆಯ ದಿನದ್ದು. ಮಾಣಿಕಪ್ಪ ಬಹಳ ಹೊತ್ತು ಅದರಲ್ಲಿ ಅಲುಗಾಟ ಹುಡುಕಿದ. ಆಕೆಯಷ್ಟೇ ಸ್ಪಷ್ಟವಾಗಿ ಅವನೂ ಮೂಡಿದ್ದ. ಹಿಂದೆ ನಿಂತ ತಾಯಿ, ಜಗದೇವಪ್ಪ, ಹಿರಿಯರು, ಅಂಗಳದ ನಾಯಿ, ಎಲ್ಲರೂ ಬಸವಣ್ಣೆಪ್ಪ ಕೂತಂತೆಯೇ ನಿಶ್ಚಲ. ಒಬ್ಬರೂ ಉಸಿರಾಡುತ್ತಿದ್ದಂತೆ ಕಾಣಲಿಲ್ಲ. ಕಾಂತಾಬಾಯಿ ಅವನ ಭುಜದ ಮೇಲಿಂದ ಬಗ್ಗಿ ನೋಡಿ, "ಈ ಸಲ ಎಲ್ಲಾರೂ ಬಂದೀವಲ್ರಿ" ಎಂದಳು.

ಅದಾಗಿ ಐದು ವರ್ಷವಾಯಿತು. ಮಾಣಿಕಪ್ಪ ಈಗಲೂ ಉದಗೀರದಲ್ಲಿದ್ದಾನೆ. ಶಾಲೆಗಳ, ಮದುವೆಗಳ, ಕರೆದರೆ ಸಾವಿನ ಮನೆಗಳ ಫೋಟೋ ತೆಗೆಯುತ್ತಾನೆ. ಕಾಂತಾಬಾಯಿ ಅವುಗಳನ್ನು ತೊಳೆದು ಒಣಗಿಸುತ್ತಾಳೆ.